ಹಲಗೇರಿ ರಸ್ತೆಯಲ್ಲಿ ಆರಾಮ ತಪ್ಪಿದ್ದು

ಸುಮ್ಮನೆ ಕೂರುವುದು ಬಲು ಸುಲಭ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನನ್ನು ಕೇಳಿ. ಕುರ್ಚಿಯಲ್ಲಿ ಕೂತರೆ ಕಾಲು ಅಲ್ಲಾಡುತ್ತದೆ, ಕಾಲು ಹಿಡಿದುಕೊಂಡರೆ ಬೆರಳು ಮೇಜು ಬಡಿಯುತ್ತದೆ, ಅದನ್ನೂ ತಡೆದರೆ ಬಾಯಿ ಶುರುವಾಗುತ್ತದೆ. ಬಸ್ಸಿನಲ್ಲಿ ಪಕ್ಕದವರ ಊರು, ಮಕ್ಕಳು, ಮೊಣಕಾಲು ನೋವು ಎಲ್ಲ ವಿಚಾರಿಸದೆ ನಾನು ಇಳಿದವನೇ ಅಲ್ಲ. "ನಿಮ್ಮ ಹೊಟ್ಟೆಯೊಳಗೆ ಯಾರೋ ಕೂತು ಹೊಲಿಗೆ ಮಷಿನ್ ತುಳೀತಿದಾರೆ ಕಣ್ರೀ" ಎನ್ನುತ್ತಾಳೆ ನನ್ನ ಹೆಂಡತಿ ಸರೋಜ. ಇಂಥವನನ್ನು ನಮ್ಮ ಬೀಜದ ಕಂಪನಿಯ ಮ್ಯಾನೇಜರು ಹುಡುಕಿ ಹುಡುಕಿ ಒಂದು ಮೌನದ ಹಾಸ್ಟೆಲಿಗೆ ಕಳಿಸಿದರು.

ಆಗಿನ್ನೂ ಮೊಬೈಲು ಎಲ್ಲರ ಕೈಗೂ ಬರುತ್ತಿದ್ದ ಕಾಲ. ನನಗೆ ಪ್ರಮೋಷನ್ ಕೊಟ್ಟು ತುಮಕೂರಿನಿಂದ ರಾಣೆಬೆನ್ನೂರಿಗೆ ಹಾಕಿದ್ದರು. ಸರೋಜ ಜಾಣೆ. "ಮೊದಲು ನೀವು ಹೋಗಿ ನೋಡಿ. ಊರು ಹಿಡಿಸಿದ್ರೆ ಮಗಳ ಟಿಸಿ ತಗೊಂಡು ನಾವೂ ಬರ್ತೀವಿ. ಹಿಡಿಸದಿದ್ರೆ ಪ್ರಮೋಷನ್ ಬಿಟ್ಟು ವಾಪಸ್ ಬನ್ನಿ. ಶಾಲೆ ಶುರುವಾಗೋದ್ರೊಳಗೆ ಹೇಳಿಬಿಡಿ" ಎಂದಿದ್ದಳು. ಹಾಗಾಗಿ ನಾನು ಇಲ್ಲಿ ನಿಲ್ಲುತ್ತೇನೋ ಓಡುತ್ತೇನೋ ಎಂಬುದರ ಮೇಲೆ ಇಡೀ ಸಂಸಾರ ಕೂತಿತ್ತು.

ಹಾಸ್ಟೆಲು ಹಲಗೇರಿ ರಸ್ತೆಯ ಒಂದು ಓಣಿಯಲ್ಲಿತ್ತು. ಬಾಗಿಲ ಮೇಲೆ ಹಸಿರು ಬಣ್ಣದಲ್ಲಿ 'ಪರಿಸರಸ್ನೇಹಿ ವಸತಿ. ದಯವಿಟ್ಟು ಮಾತಾಡಬೇಡಿ' ಎಂಬ ಬೋರ್ಡು. ನಡೆಸುತ್ತಿದ್ದವರು ಹೊಸರಿತ್ತಿ ಕಡೆಯವರಾದ, ಖಾದಿ ಜುಬ್ಬದ ರಿಟೈರ್ಡ್ ಕನ್ನಡ ಮಾಸ್ತರು ಚನ್ನಬಸಪ್ಪನವರು ಮತ್ತು ಅವರ ಹೆಂಡತಿ ಗಿರಿಜವ್ವ. ಹಲ್ಲುಜ್ಜಲು ಬೇವಿನಕಡ್ಡಿ, ತಲೆಗೆ ಸೀಗೆಕಾಯಿ, ಕುಡಿಯಲು ಮಣ್ಣಿನ ಹರವಿಯ ನೀರು, ಮಾಡಿನ ಮೇಲೆ ಸೋಲಾರ್. ಸ್ನಾನದ ನೀರು ಬಾಳೆಗಿಡಕ್ಕೆ ಹೋಗುತ್ತಿತ್ತು. ನಾನು ಕಡಿಮೆ ಸುರಿದುಕೊಂಡರೆ ಗಿಡ ಬಾಡುತ್ತದೇನೋ ಎಂಬ ಪಾಪಪ್ರಜ್ಞೆ ಬೇರೆ. ಫ್ಯಾನಿಲ್ಲ. ಟಿವಿ, ರೇಡಿಯೋ ಕೇಳಲೇಬೇಡಿ. ಮೊಬೈಲು ಬಾಗಿಲಲ್ಲೇ ಬಂದ್. ಚಹಾ ಇಲ್ಲ, ಕಷಾಯ. ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಆ ಮೌನ ಇತ್ತಲ್ಲ, ಅಯ್ಯಪ್ಪಾ!

ಊಟಕ್ಕೆ ಕೂತರೆ ಎಲ್ಲವೂ ಕೈಸನ್ನೆ. ನಾನು ಮಜ್ಜಿಗೆ ಸಾಕು ಎಂದು ಅಂಗೈ ಅಡ್ಡ ಹಿಡಿದರೆ ಗಿರಿಜವ್ವ ಅದರ ಮೇಲೆ ರೊಟ್ಟಿ ಇಡುತ್ತಿದ್ದರು. ಒಮ್ಮೆ ಬ್ಯಾಡಗಿಯಿಂದ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಬಂದು ಇಳಿದುಕೊಂಡ. ಅವನ ಬಟ್ಟೆಯಿಂದೆದ್ದ ಘಾಟಿಗೆ ನಾವೆಲ್ಲ ಸೀನಿದ್ದೇ ಸೀನಿದ್ದು. ಸೀನು ಮಾತಲ್ಲವಲ್ಲ, ಹಾಗಾಗಿ ಬೋರ್ಡಿನ ಅಡ್ಡಿಯಿಲ್ಲ. ನಾನಂತೂ ಬೇಕೆಂದೇ ಇನ್ನೆರಡು ಜಾಸ್ತಿ ಸೀನಿದೆ. ಆತ ಹೋದ ಮೇಲೆ ಮತ್ತೆ ಅದೇ ಮೌನ. ಕೋಣೆಯಲ್ಲಿ ಕಾಲು ಅಲ್ಲಾಡಿಸಿದರೆ ಮಂಚ ಕಿರ್ ಎನ್ನುತ್ತಿತ್ತು, ಅಂಗಳದಲ್ಲಿ ಮಾಸ್ತರು ತಲೆಯೆತ್ತಿ ನೋಡುತ್ತಿದ್ದರು. ಕೊನೆಗೆ ನಾನು ಬಾಳೆಗಿಡದ ಜೊತೆ ಮಾತಾಡಲು ಶುರುಮಾಡಿದೆ. ಅದು ತಿರುಗಿ ಉತ್ತರ ಕೊಡುವ ಮೊದಲು ಇಲ್ಲಿಂದ ಕಾಲು ಕೀಳಬೇಕು, ಪ್ರಮೋಷನ್ ಹಾಳಾಗಿ ಹೋಗಲಿ ಎಂದು ತೀರ್ಮಾನಿಸಿದೆ.

ಆದರೆ ಅಷ್ಟು ಒಳ್ಳೆಯವರಿಗೆ ಹೇಗೆ ಹೇಳುವುದು? ಒಂದು ಬೆಳಿಗ್ಗೆ ಧೈರ್ಯ ಮಾಡಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಆದಷ್ಟು ನಯವಾಗಿ, "ಯಾಕೋ ನನಗೆ ಇಲ್ಲಿ ಆರಾಮ ಇಲ್ಲ ಅಮ್ಮಾ" ಎಂದೆ.

ನಮ್ಮ ಕಡೆ ಹಾಗೆಂದರೆ ನೆಮ್ಮದಿಯಿಲ್ಲ, ಒಗ್ಗುತ್ತಿಲ್ಲ ಎಂದರ್ಥ. ಈ ಕಡೆ ಹಾಗೆಂದರೆ ಜಡ್ಡು, ಕಾಯಿಲೆ ಬಿದ್ದಿದ್ದಾನೆ ಎಂದರ್ಥ ಅಂತ ನನಗೆ ಯಾರು ಹೇಳಿದ್ದರು? ಗಿರಿಜವ್ವ ಲಟ್ಟಣಿಗೆ ಕೆಳಗಿಟ್ಟರು. "ಅಯ್ಯ ಶಿವನ! ಆರಾಮಿಲ್ಲಂತ ಈಗ ಹೇಳ್ತೀರೇನ್ರಿ ಸರ? ನಿನ್ನೇನ ಹೇಳಬಾರದೇನು? ಬರ್ರಿ, ಮೊದಲ ಮಕ್ಕೋರಿ. ಲಗೂನ ಕಷಾಯ ತರ್ತೇನಿ!" ಅವರ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ಕೇಳಿ ನಾನು ಬೆಪ್ಪಾಗಿ ಹೋಗಿ ಮಲಗಿಯೇಬಿಟ್ಟೆ. ಅವರು ಹಣೆ ಮುಟ್ಟಿ ನೋಡಿದರು. "ಜ್ವರ ಒಳಗ ಅದಾವ" ಎಂದರು.

ಪಕ್ಕದ ಮನೆಯ ಖೈರೂನಬಿ ಕೇಳಿದ್ದೇ ತಡ, ಸೆರಗಿನಲ್ಲಿ ಬಿಸಿ ಲೋಟ ಹಿಡಿದು ಬಂದರು. "ಆರಾಮಿಲ್ಲದ ಮನಶ್ಯಾಗ ಮೊದಲ ಶುಂಠಿ ಚಾ ಕೊಡಬೇಕ್ರಿ ಅಕ್ಕಾರ. ನಿಮ್ಮ ಕಷಾಯ ಕುಡದ್ರ ಛಲೋ ಇದ್ದವರೂ ಹಾಸಿಗಿ ಹಿಡೀತಾರ." ಆ ಚಹಾದ ಮೊದಲ ಗುಟುಕಿಗೆ ನನ್ನ ಕಣ್ಣಲ್ಲಿ ನೀರು ಬಂತು. "ನೋಡ್ರಿ, ಎಷ್ಟ ತ್ರಾಸ ಆಗೇತಿ ಪಾಪ" ಎಂದರು ಇಬ್ಬರೂ. ನಿಜ ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಚಹಾ ಹೋಗುತ್ತದೆ, ಮಾತೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಅಡಿಗೆಮನೆಯ ಫೋನು ಬಡಿದುಕೊಂಡಿತು. ಸರೋಜ! ಗಿರಿಜವ್ವ "ಸರ್‌ಗೆ ಆರಾಮಿಲ್ರಿ ತಂಗೀ" ಎಂದದ್ದು ಕೇಳಿಸಿತು. ತುಮಕೂರಿನವಳು ತುಮಕೂರಿನ ಅರ್ಥವನ್ನೇ ಮಾಡಿಕೊಂಡು, "ಅವರಿಗೆ ಎಲ್ಲಿದ್ರೂ ಆರಾಮ ಇರಲ್ಲ ಬಿಡಿ. ಮದುವೆಯಾದಾಗಿನಿಂದ ನೋಡ್ತಾನೇ ಇದೀನಿ. ಎರಡು ದಿನ ಒದ್ದಾಡ್ತಾರೆ, ಆಮೇಲೆ ತಾವೇ ತಣ್ಣಗಾಗ್ತಾರೆ" ಎಂದಳಂತೆ. ಗಿರಿಜವ್ವ ಫೋನಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡು ಬಂದರು. "ಖೈರೂನಾ, ಮದುವ್ಯಾದಾಗಿಂದ ಆರಾಮಿಲ್ಲಂತ! ಎರಡ ದಿನ ಒದ್ದಾಡಿ ತಣ್ಣಗಾಗ್ತಾರಂತ! ಕಟಗೊಂಡ ಹೇಣತಿ ಆಡೂ ಮಾತೇನ ಇದು?"

ಅಲ್ಲಿಗೆ ಓಣಿಯೇ ಕದಲಿತು. ನನ್ನನ್ನು 'ಮಾತಾಡಿಸಿಕೊಂಡು ಹೋಗಲು' ಜನ ಬಂದರು. ನಿಂಬೆಹಣ್ಣು ತಂದವರು, ಕಾಗಿನೆಲೆಯ ಗುಡಿಯ ಭಸ್ಮ ತಂದವರು, ಬರಿಗೈಲಿ ಬಂದು ತಮ್ಮ ಕಾಯಿಲೆಯನ್ನೇ ವರ್ಣಿಸಿದವರು. ನಾನು ಪ್ರತಿಯೊಬ್ಬರ ಊರು, ಮಕ್ಕಳು, ಮೊಣಕಾಲು ಎಲ್ಲ ವಿಚಾರಿಸಿದೆ. ಮಾಸ್ತರು ಮೊದಲು ಮೌನವಾಗಿ ಬಂದು ನಾಡಿ ಹಿಡಿದರು. ನಾಡಿ ಬಿಡದೆಯೇ "ನಮ್ಮ ಸಾಲ್ಯಾಗ ಒಮ್ಮೆ ಏನಾತಂದ್ರ..." ಎಂದು ಶುರುಮಾಡಿದವರು ಊಟದ ಹೊತ್ತಿಗೂ ಏಳಲಿಲ್ಲ. ಅವರ ಕಥೆ ಕೇಳುತ್ತ ಕೇಳುತ್ತ ಒಂದು ವಿಚಿತ್ರ ಗಮನಿಸಿದೆ: ನನ್ನ ಕಾಲು ಅಲ್ಲಾಡುತ್ತಿರಲಿಲ್ಲ. ಈ ಊರು ನನಗೆ ಹಿಡಿಸಿಬಿಟ್ಟಿತ್ತು. "ಇಂಥಾ ಬ್ಯಾನಿ ಮನಶ್ಯಾನ್ನ ದೂರ ಬಿಡಬಾರದ್ರಿ" ಎಂದು ಖೈರೂನಬಿಯೇ ಅದೇ ಓಣಿಯಲ್ಲಿ ಮನೆ ನೋಡಿಕೊಟ್ಟರು. ಟಿಸಿ ತೆಗೆದುಕೊಂಡು ಬಾ ಎಂದು ಸರೋಜಳಿಗೆ ಫೋನು ಮಾಡಿದೆ. ಅವಳು ಬಂದಿಳಿದಾಗ ಓಣಿಯ ಹೆಂಗಸರು ಅವಳನ್ನು ನೋಡಿದ ನೋಟದ ಲೆಕ್ಕವನ್ನು ಅವಳು ಇಂದಿಗೂ ನನ್ನ ಹತ್ತಿರ ಕೇಳುತ್ತಿದ್ದಾಳೆ.

ಹಾಸ್ಟೆಲು ಬಿಡುವ ದಿನ ನನಗೆ ತಡೆಯಲಾಗಲಿಲ್ಲ. "ಮಾಸ್ತರೇ, ತಪ್ಪು ತಿಳೀಬೇಡಿ. ನನಗೆ ಯಾವ ಕಾಯಿಲೆಯೂ ಇರಲಿಲ್ಲ" ಎಂದೆ.

"ಗೊತ್ತಿತ್ರಿ" ಎಂದರು ಅವರು. "ನನ್ನ ಟ್ರೇನಿಂಗ್ ಆಗಿದ್ದ ಮೈಸೂರಾಗ. ನಿಮ್ಮ ಕಡೆ ಆರಾಮಿಲ್ಲಂದ್ರ ಏನಂತ ನನಗ ತಿಳೀದೇನು?"

"ಮತ್ತೆ ಯಾಕೆ ಹೇಳಲಿಲ್ಲ?"

ಮಾಸ್ತರು ಗಿರಿಜವ್ವ ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು. "ಸಾಲಿ ಗದ್ದಲಕ್ಕ ಬ್ಯಾಸತ್ತು ಈ ಬೋರ್ಡ್ ಬರಿಸಿದೆ. ಒಂದ ತಿಂಗಳು ಛಲೋ ಅನಸ್ತು. ಆಮ್ಯಾಲ ಜೀವ ಚಡಪಡಸಾಕ ಹತ್ತಿತ್ರಿ. ನಾನ ಬರಿಸಿದ ಬೋರ್ಡ್ ನಾನ ಮುರದ್ರ ಓಣ್ಯಾಗ ನಗತಾರಲ್ಲ? ಆದ್ರ ಆರಾಮಿಲ್ಲದವರನ್ನ ಮಾತಾಡಸಾಕ ಯಾವ ಬೋರ್ಡೂ ಅಡ್ಡ ಬರಂಗಿಲ್ಲ." ನನ್ನ ಕೈ ಹಿಡಿದುಕೊಂಡರು. "ಹೋಗ್ರಿ, ಖುಷೀಲೆ ಸಂಸಾರ ಮಾಡ್ರಿ. ಆದ್ರ ವಾರಕ್ಕೊಮ್ಮೆರೆ ಇಲ್ಲಿ ಬಂದು ಆರಾಮ ತಪ್ರಿ ಸರ."

ಹಾಗಾಗಿ ಪ್ರತಿ ಭಾನುವಾರ ನನಗೆ ಆರಾಮ ಇರುವುದಿಲ್ಲ. ಹೋಗಿ ಆ ಕಿರ್ ಎನ್ನುವ ಮಂಚದ ಮೇಲೆ ಮಲಗುತ್ತೇನೆ, ಮಾಸ್ತರು ನಾಡಿ ಹಿಡಿದು ಮಾತಿಗೆ ಕೂರುತ್ತಾರೆ. ಅವರ ಮುಖ ಎಷ್ಟು ಕಳೆಕಳೆಯಾಗಿದೆ ಎಂದರೆ ಓಣಿಯವರೆಲ್ಲ ಆಶ್ಚರ್ಯಪಡುತ್ತಾರೆ. ಗುಣವಾದದ್ದು ಅವರಿಗೆ. ಗಿರಿಜವ್ವನ ಕಷಾಯ ಮಾತ್ರ ಈಗಲೂ ನನಗೇ.