ನಂದಿಯ ದೀಪಕ್ಕೆ ವಾರಂಟಿ ಇಲ್ಲ

ಕಂಪನಿಯವರು ಮಾಡಿ ಕಳಿಸಿದ ವಸ್ತುವನ್ನು ಇದ್ದ ಹಾಗೆಯೇ ಬಳಸುವುದು ನಮ್ಮ ಕಡೆಯವರ ಜಾಯಮಾನಕ್ಕೆ ಒಗ್ಗುವುದಿಲ್ಲ. ಬೇರೆಯವರ ಮಾತೇಕೆ, ನಮ್ಮ ಮನೆಯನ್ನೇ ನೋಡಿ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಎರಡು ರಬ್ಬರ್ ಬ್ಯಾಂಡ್ ಬಿಗಿದಿದ್ದೇವೆ. ಒಳಗಿನ ಗುಂಡಿ ಯಾವುದೆಂದು ಕಾಣದೆ, ಸುದ್ದಿ ನೋಡಲು ಕೂತವರು ಅಡುಗೆ ಕಾರ್ಯಕ್ರಮ ನೋಡಿ ಏಳುತ್ತೇವೆ. ಮಿಕ್ಸಿಯ ಮುಚ್ಚಳ ಸಡಿಲವೆಂದು ನನ್ನ ಹೆಂಡತಿ ಅದಕ್ಕೆ ಹಳೆಯ ಸೀರೆಯ ಅಂಚು ಸುತ್ತಿದ್ದಾಳೆ. ಹೊಸ ಕೊಡೆಯ ಹಿಡಿಕೆ ಜಾರುತ್ತದೆಂದು ನಾನು ಸೈಕಲ್ಲಿನ ಗ್ರಿಪ್ ತುರುಕಿದೆ. ಅಂದಿನಿಂದ ಅದು ಬಿಚ್ಚಿಕೊಂಡರೆ ಮುಚ್ಚಿಕೊಳ್ಳುವುದಿಲ್ಲ. ಇಂಥ ಮನೆಯಿಂದ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುವ ನನ್ನ ಉದ್ಯೋಗವೇನು ಗೊತ್ತೆ? ತಾಂಡೂರಿನ ಒಂದು ದ್ವಿಚಕ್ರ ವಾಹನದ ಶೋರೂಮಿನಲ್ಲಿ ಕೂತು, ಜನ ತಮ್ಮ ಗಾಡಿಗಳಿಗೆ ಏನೇನು ಮಾಡಿಸಿಕೊಂಡಿದ್ದಾರೆಂದು ಹುಡುಕಿ, "ವಾರಂಟಿ ಬರಂಗಿಲ್ರಿ" ಎಂದು ನಗುತ್ತಾ ಹೇಳುವುದು. ಹದಿನಾಲ್ಕು ವರ್ಷಗಳಿಂದ ಹೇಳುತ್ತಿದ್ದೇನೆ.

ಈ ಹದಿನಾಲ್ಕು ವರ್ಷಗಳಲ್ಲಿ ನಾನು ಕಾಣದ ಗಾಡಿ ಇಲ್ಲ. ನಾರಾಯಣಖೇಡದ ಕಡೆಯ ಒಬ್ಬರು ಸ್ಕೂಟರಿಗೆ ಲಾರಿಯ ಹಾರ್ನ್ ಹಾಕಿಸಿಕೊಂಡು ಬಂದಿದ್ದರು. ಅದನ್ನು ಒಮ್ಮೆ ಒತ್ತಿದರೆ ಬ್ಯಾಟರಿ ಸಾಯುತ್ತಿತ್ತು, ಆದರೆ ಎದುರಿನವರು ದಾರಿ ಬಿಟ್ಟಿರುತ್ತಿದ್ದರು. ಯಾಲಾಲ್ ಕಡೆಯ ಹಾಲಿನವರೊಬ್ಬರು ಎರಡೂ ಬದಿಗೆ ಕಬ್ಬಿಣದ ಕೊಕ್ಕೆ ಬೆಸುಗೆ ಹಾಕಿಸಿ ನಾಲ್ಕು ಕ್ಯಾನು ನೇತುಹಾಕುತ್ತಿದ್ದರು. ಗಾಡಿಯ ಚಾಸಿ ಬಾಗಿದೆ, ಬದಲಿಸಿ ಕೊಡಿ ಎಂಬುದು ಅವರ ಬೇಡಿಕೆ. ಎಲ್ಲರಿಗೂ ನನ್ನದು ಒಂದೇ ಪ್ರವಚನ. ಸೀಟಿಗೆ ಕವರ್ ಹಾಕಿಸಿ, ಕಾಲಿನ ಕೆಳಗೆ ಮ್ಯಾಟ್ ಹಾಸಿ, ಕನ್ನಡಿಗೆ ಮುತ್ತಿನ ಹಾರ ಕಟ್ಟಿ, ವಾರಂಟಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ವೈರನ್ನು ಕತ್ತರಿಸಿದಿರೋ, ವೈರಿಂಗಿನ ವಾರಂಟಿ ಅಲ್ಲಿಗೆ ಮುಗಿಯಿತು. ಎಂಜಿನ್ನಿನದು ಉಳಿಯುತ್ತದೆ, ಆದರೆ ದೀಪ ಹತ್ತದಿದ್ದರೆ ನಮ್ಮನ್ನು ಕೇಳಬಾರದು.

ಕಂಪನಿಯವರು ವರ್ಷಕ್ಕೊಮ್ಮೆ ನಮ್ಮನ್ನು ಹೈದರಾಬಾದಿಗೆ ಕರೆಸಿ, ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಗ್ರಾಹಕನ ನಿಷ್ಠೆ ಎಂಬ ವಿಷಯದ ಮೇಲೆ ಪಾಠ ಮಾಡುತ್ತಾರೆ. ನಿಷ್ಠೆಯಿರುವ ಒಬ್ಬ ಗ್ರಾಹಕನ ಹೆಸರು ಹೇಳಿ ಎಂದು ಟೈ ಕಟ್ಟಿದವರು ಕೇಳಿದಾಗಲೆಲ್ಲ ನಾನು ಕೈ ಎತ್ತಿ ಹೇಳುವುದು ಒಂದೇ ಹೆಸರು: ವೀರಣ್ಣ ಕಾಕಾ.

ವೀರಣ್ಣ ಕಾಕಾ ತಾಂಡೂರಿನ ತೊಗರಿ ವ್ಯಾಪಾರಿ. ಒಮ್ಮೆ ಒಂದು ಅಂಗಡಿಗೆ ಕಾಲಿಟ್ಟರೆ ಜನ್ಮವಿಡೀ ಅದೇ ಅಂಗಡಿ. ಅವರ ಕ್ಷೌರಿಕನಿಗೆ ಈಗ ವಯಸ್ಸಾಗಿ ಕೈ ನಡುಗುತ್ತದೆ. ಕಾಕಾ ಕೆನ್ನೆಯ ಮೇಲೆ ಗಾಯ ಮಾಡಿಸಿಕೊಂಡೇ ಬರುತ್ತಾರೆ ಹೊರತು ಬೇರೆ ಕಡೆ ಹೋಗುವುದಿಲ್ಲ. ಅವರ ದರ್ಜಿಗೆ ಕಣ್ಣು ಮಂಜಾಗಿ ಜೇಬನ್ನು ಬಲಗಡೆಗೆ ಹೊಲಿದರೆ, ಬಲಗಡೆಯಿಂದಲೇ ಪೆನ್ನು ತೆಗೆಯಲು ಕಲಿತರು. ಅವರ ಮನೆಯ ಏಳು ಗಾಡಿಗಳೂ ನಮ್ಮಲ್ಲೇ ಕೊಂಡವು. ರಸ್ತೆಯ ಆ ಬದಿಗೆ ಇನ್ನೊಂದು ಕಂಪನಿಯ ಶೋರೂಮು ಬಂದು, ಬಾಗಿಲಲ್ಲಿ ಬಲೂನು ಕಟ್ಟಿ, ಬಂದವರಿಗೆಲ್ಲ ಬಾದಾಮಿ ಹಾಲು ಕೊಟ್ಟರೂ ಅವರು ಆ ಕಡೆ ತಲೆ ತಿರುಗಿಸಿ ನೋಡಲಿಲ್ಲ. ಅವರದು ಒಂದೇ ಕರಾರು: ಹೊಸ ಗಾಡಿಯ ಪೂಜೆಯನ್ನು ನಾನೇ ಮಾಡಿಕೊಡಬೇಕು. ವಿಭೂತಿ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದುಕೊಟ್ಟರೆ ಅವರಿಗೆ ಸಮಾಧಾನ. ಎಂಟನೆಯ ಗಾಡಿಯ ಮಾತೂ ನಡೆದಿತ್ತು. ಅವರು ಎದ್ದು ಆ ಬದಿಗೆ ಹೋದರೆ ಅವರ ಹಿಂದೆ ಅವರ ಬೀಗರು, ಅಡತಿಯ ಗೆಳೆಯರು ಎಲ್ಲರೂ ಹೋಗುತ್ತಾರೆಂಬುದು ನಮ್ಮ ಮ್ಯಾನೇಜರಿಗೆ ಗೊತ್ತಿತ್ತು. ನನಗೆ ಅದಕ್ಕಿಂತ ಹೆಚ್ಚಾಗಿ, ಅವರು ಬಂದು "ಸಂಗಪ್ಪ, ಆರಾಮ ಅದಿಯೇನು?" ಎಂದು ಕೇಳದ ತಿಂಗಳು ಖಾಲಿ ಖಾಲಿ ಅನಿಸುತ್ತಿತ್ತು.

ಅಂಥ ಕಾಕಾ ಒಂದು ಸೋಮವಾರ ಸೊಸೆಯ ಸ್ಕೂಟರನ್ನು ತಳ್ಳಿಸಿಕೊಂಡು ಬಂದರು. ಸೊಸೆ ಮಹಾದೇವಿ ಪೆದ್ದೆಮುಲ್ ಶಾಲೆಯ ಶಿಕ್ಷಕಿ. ಗಾಡಿ ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ಮೂರು ಸಲ ನಡು ದಾರ್ಯಾಗ ನಿಂತದ ನೋಡಪ್ಪ. ಇವತ್ತ ಪಾಪ, ಕಲ್ಲಿನ ಲಾರಿ ಹಿಡ್ಕೊಂಡು ಸಾಲಿಗಿ ಹೋಗ್ಯಾಳ," ಎಂದರು ಕಾಕಾ.

ನಾನು ಗಾಡಿಯ ಹತ್ತಿರ ಹೋಗುವ ಮೊದಲೇ ನನ್ನ ಪಳಗಿದ ಕಣ್ಣು ಕಳ್ಳನನ್ನು ಹಿಡಿಯಿತು. ಮೀಟರಿನ ಕೆಳಗೆ ಹಿತ್ತಾಳೆಯ ಪುಟ್ಟ ನಂದಿ, ಅದರ ಮುಂದೆ ಕಡಲೆಕಾಳಿನಷ್ಟು ದೀಪ, ದೀಪದಿಂದ ಒಳಗೆ ಹೋದ ಕೆಂಪು ವೈರು. ಕೀಲಿ ತಿರುಗಿಸಿದರೆ ನಂದಿಗೆ ದೀಪ ಹತ್ತುವ ವ್ಯವಸ್ಥೆ. ಅಂದು ಸರ್ವೀಸಿಗೆ ಬಂದವರು ಹತ್ತು ಜನ ಬೆಂಚಿನ ಮೇಲಿದ್ದರು. ಕೇಳುವವರಿದ್ದರೆ ನನ್ನ ನಾಲಿಗೆಗೆ ಲಗಾಮು ಇರುವುದಿಲ್ಲ.

"ಕಾಕಾ, ತಪ್ಪು ತಿಳೀಬ್ಯಾಡ್ರಿ, ಇದು ವಾರಂಟಿಯಾಗ ಬರಂಗಿಲ್ಲ. ಕಂಪನಿ ವೈರ್ ಕತ್ತರಿಸಿ ಯಾವನೋ ಜೋಡ್ಸ್ಯಾನ. ಎಂಥಾ ಅಡ್ನಾಡಿ ಇದ್ದಾನ್ರಿ ಅವ? ವಿದ್ಯೆ ಇಲ್ಲ, ಬುದ್ಧಿ ಇಲ್ಲ. ಇಂಥವರ ಕೈಯಾಗ ವೈರ್ ಕತ್ತರಿಸೂ ಪಕ್ಕಡ್ ಕೊಟ್ರ ಊರೇ ಸುಡ್ತಾರ."

ಕಾಕಾ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಇರ್ಲಿ ಬಿಡಪ್ಪ, ಬೈಬ್ಯಾಡ. ದೀಪ ಹಾಕ್ದವ್ರು ನಮಗ ಭಾಳ ಬೇಕಾದವ್ರು ಅದಾರ. ಎಷ್ಟ ಆಗ್ತದ ಅಷ್ಟ ನಾನೇ ಕೊಡ್ತೀನಿ," ಎಂದು ಹೇಳಿ ಫ್ಯಾನಿನ ಕೆಳಗೆ ಕೂತು ಚಹಾ ತರಿಸಿಕೊಂಡರು. ನಾನು ಬೆಂಚಿನವರ ಕಡೆ ತಿರುಗಿ, ನಿಯಮವೆಂದರೆ ನಿಯಮ, ಅದಕ್ಕೆ ನಮ್ಮವರು ತಮ್ಮವರು ಇಲ್ಲ ಎಂದು ಇನ್ನೂ ಎರಡು ಮಾತು ಸೇರಿಸಿದೆ.

ಆಗ ಒಳಗಿನಿಂದ ಹಿರಿಯ ಮೆಕ್ಯಾನಿಕ್ ಖಾಜಾಮಿಯಾ ಕರೆದರು. "ಸಾಬ್, ಜರಾ ಇಲ್ಲಿ ಬರ್ರಿ. ಒಬ್ರೇ ಬರ್ರಿ."

ಅವರು ಸ್ಕೂಟರಿನ ಮುಂದಿನ ಮುಚ್ಚಳ ಬಿಚ್ಚಿದ್ದರು. ವೈರಿನ ಜೋಡಣೆ ಕರಕಾಗಿತ್ತು. ಅದಕ್ಕೆ ಟೇಪು ಸುತ್ತಿರಲಿಲ್ಲ. ಸುತ್ತಿದ್ದದ್ದು ನಮ್ಮ ಶೋರೂಮಿನ ಹಳದಿ ಚೀಟಿ. 'ಇದನ್ನು ತೆರೆದರೆ ವಾರಂಟಿ ರದ್ದು' ಎಂದು ಅಚ್ಚು ಹಾಕಿದ ಆ ಅಂಟುಚೀಟಿಯ ಸುರುಳಿ ಇಡೀ ಶೋರೂಮಿನಲ್ಲಿ ಒಬ್ಬರ ಜೇಬಿನಲ್ಲಿ ಮಾತ್ರ ಇರುತ್ತದೆ. ಅಂಟಿಸುವ ಮೊದಲು ಆ ಒಬ್ಬರು ಪ್ರತಿ ಚೀಟಿಗೂ ಸಹಿ ಹಾಕಿಟ್ಟುಕೊಳ್ಳುತ್ತಾರೆ.

"ದಸ್ಕತ್ ನಿಮ್ದೇ ಅದ ನೋಡ್ರಿ ಸಾಬ್," ಎಂದು ಖಾಜಾಮಿಯಾ ಮೆಲ್ಲಗೆ ಹೇಳಿದರು.

ಎಲ್ಲ ನೆನಪಾಯಿತು. ಹೋದ ದಸರೆಯ ಗದ್ದಲ. ಒಂದೇ ದಿನ ಹದಿನೈದು ಗಾಡಿಗಳ ಡೆಲಿವರಿ, ವೈರಿಂಗಿನವರು ಊಟಕ್ಕೆ ಹೋಗಿದ್ದರು, ರಾಹುಕಾಲಕ್ಕೆ ಐದೇ ನಿಮಿಷ. ಕಾಕಾನ ಹೆಂಡತಿ ಕಾಕಿ ಈ ನಂದಿಯನ್ನು ಕೈಯಲ್ಲಿ ಹಿಡಿದು, "ದೀಪ ಹತ್ತಲಾರ್ದ ಗಾಡಿ ಮನಿಗಿ ಹ್ಯಾಂಗ ಒಯ್ಯೂದಪ್ಪ?" ಎಂದು ಕಣ್ಣು ತುಂಬಿಕೊಂಡಿದ್ದರು. "ನಾ ಇದ್ದೀನಲ್ರಿ ಕಾಕಿ!" ಎಂದವನು ನಾನೇ. ಕತ್ತರಿ ಸಿಗಲಿಲ್ಲ, ವೈರನ್ನು ಹಲ್ಲಿನಿಂದ ಸುಲಿದೆ. ಟೇಪು ಸಿಗಲಿಲ್ಲ, ಜೇಬಿನಲ್ಲಿ ಅಂಟುವ ವಸ್ತು ಆ ಚೀಟಿಯೊಂದೇ ಇತ್ತು. ದೀಪ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಪೇಢೆ ತಿಂದೆ. ಬೇಸಿಗೆಯ ಬಿಸಿಲಿಗೆ ಗೋಂದು ಕರಗಿದಾಗ ನಾನು ಅದೆಲ್ಲವನ್ನೂ ಮರೆತಿದ್ದೆ.

ಖಾಜಾಮಿಯಾ ನನ್ನ ಕಡೆ ನೋಡದೆ ಚಾವಣಿಯ ತಗಡನ್ನು ನೋಡುತ್ತಾ ನಿಂತಿದ್ದರು. ಚೀಟಿ ಹರಿದು ಜೇಬಿಗೆ ಹಾಕಿಕೊಂಡರೆ ಕೇಳುವವರಿರಲಿಲ್ಲ. ಸುಳ್ಳೇಕೆ, ಉಗುರಿನಿಂದ ಅದರ ಒಂದು ತುದಿ ಎಬ್ಬಿಸಿಯೂ ಇದ್ದೆ. ಆಗ ಹೊರಗೆ ಕೂತ ಕಾಕಾನ ಬೆನ್ನು ಕಾಣಿಸಿತು. ಪೂಜೆಯ ದಿನ ಎರಡು ಹೆಜ್ಜೆ ದೂರದಲ್ಲೇ ನಿಂತು ಎಲ್ಲ ನೋಡಿದ್ದ ಮನುಷ್ಯ! ನಾನು ಅಡ್ನಾಡಿ, ಬುದ್ಧಿಗೇಡಿ ಎಂದು ಬಾಯಿತುಂಬ ಬೈಯುತ್ತಿದ್ದದ್ದು ಯಾರನ್ನು ಎಂದು ಅವರಿಗೆ ಗೊತ್ತಿತ್ತು. ಎಬ್ಬಿಸಿದ ತುದಿಯನ್ನು ಮತ್ತೆ ಒತ್ತಿ ಅಂಟಿಸಿದೆ.

ಹೊರಗೆ ಬಂದು, "ಕಾಕಾ, ಆಗಲೇ ಯಾಕ ಹೇಳ್ಲಿಲ್ರಿ?" ಎಂದೆ.

"ಹತ್ತು ಮಂದಿ ಮುಂದ ನಿನ್ನ ಮಾನ ಕಳೀಲೇನು? ವೈರ್ ಹೋದ್ರ ಬ್ಯಾರೆ ಬರ್ತದ," ಎಂದು ಅವರು ಬಸಿಯಲ್ಲಿ ಚಹಾ ಸುರಿದುಕೊಂಡರು.

ವಾರಂಟಿ ಫಾರಮ್ಮಿನಲ್ಲಿ 'ಬದಲಾವಣೆ ಮಾಡಿದವರು' ಎಂದು ಒಂದು ಸಾಲಿದೆ. ಹದಿನಾಲ್ಕು ವರ್ಷ ಅಲ್ಲಿ 'ಗ್ರಾಹಕ' ಎಂದೇ ಬರೆದ ಕೈ, ಅಂದು ನನ್ನ ಹೆಸರು ಬರೆಯಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಿತು. ಮ್ಯಾನೇಜರ್ ಎರಡು ಸಲ ಓದಿ, ಕನ್ನಡಕ ತೆಗೆದು ಮೂರನೆಯ ಸಲ ಓದಿದರು. ಕಂಪನಿ ಇದನ್ನು ಕೊಡುವುದಿಲ್ಲ, ಆದರೆ ತಪ್ಪು ನಮ್ಮದಾದ್ದರಿಂದ ಶೋರೂಮೇ ಹೊಸ ವೈರಿಂಗ್ ಹಾಕಿಕೊಡಲಿ ಎಂದರು. ನನಗೇನೂ ಅನ್ನಲಿಲ್ಲ. ಆ ಸುಟ್ಟ ತುಂಡನ್ನು ಹಳದಿ ಚೀಟಿಯ ಸಮೇತ ಫೋಟೋದ ಹಾಗೆ ಗಾಜಿನ ಕಟ್ಟು ಹಾಕಿಸಿ, ನನ್ನ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿಸಿದರು, ಅಷ್ಟೆ. ಈಗ ವೈರಿಗೆ ಕೈ ಹಚ್ಚಬಾರದೆಂದು ನಾನು ಯಾರಿಗೆ ಹೇಳಿದರೂ ಅವರು ಆ ಕಟ್ಟನ್ನು ನೋಡಿ, "ಈ ಸಹಿ ಯಾರದ್ರಿ?" ಎಂದು ಕೇಳುತ್ತಾರೆ.

ಮುಂದಿನ ತಿಂಗಳು ಕಾಕಾ ಬಂದು ಎಂಟನೆಯ ಗಾಡಿಯನ್ನೂ ನಮ್ಮಲ್ಲೇ ಕೊಂಡರು. ಕಾಕಿಯ ಕೈಯಲ್ಲಿ ಮತ್ತೆ ನಂದಿ, ಮತ್ತೆ ದೀಪ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಅಂಜಬ್ಯಾಡ, ಇದು ಸೆಲ್ಲಿನ ದೀಪ ಅದ," ಎಂದು ಕಾಕಾ ನನ್ನ ಭುಜ ತಟ್ಟಿದರು. "ನೀ ಬರೇ ಕಾಯಿ ಒಡಿ. ನಿನ್ನ ಹಲ್ಲು ಬಾಯಾಗೇ ಇರ್ಲಿ."

ಇಂಥ ಗ್ರಾಹಕರಿರುವಾಗ ಯಾವ ಕಂಪನಿಗೂ ಪಾಠ ಬೇಕಿಲ್ಲ ಅನಿಸಿತು. ಆ ಉಮೇದಿನಲ್ಲಿ ತೆಂಗಿನಕಾಯಿಯನ್ನು ಎಂದಿಗಿಂತ ಜೋರಾಗಿ ಕಲ್ಲಿಗೆ ಅಪ್ಪಳಿಸಿದೆ. ಕಾಯಿ ಚೂರುಚೂರಾಯಿತು, ಒಂದು ಚೂರು ಹಾರಿ ಹೊಸ ಗಾಡಿಯ ಹೆಡ್‌ಲೈಟಿಗೆ ಬಡಿದು, ಗಾಜಿನ ಮೇಲೆ ಬೆರಳುದ್ದದ ಗೀರು ಎಳೆಯಿತು. ಇದು ವಾರಂಟಿಯಲ್ಲಿ ಬರುತ್ತದೆಯೇ ಎಂದು ಕಾಕಾ ಕೇಳಲಿಲ್ಲ. ನಾನೇ ಒಳಗೆ ಹೋಗಿ ಫಾರಮ್ ತಂದೆ, ಮೊದಲು 'ಬದಲಾವಣೆ ಮಾಡಿದವರು' ಎಂಬ ಸಾಲಿನಲ್ಲಿ ನನ್ನ ಹೆಸರು ಬರೆದೆ.