ಅರವತ್ತೊಂದನೆಯ ಮಂತ್ರಿ

ನಮ್ಮ ಪ್ರಾಂತ್ಯದ ಶಾಸನಸಭೆಯಲ್ಲಿ ಅರವತ್ತೊಂದು ಸದಸ್ಯರಿದ್ದು, ಅವರಲ್ಲಿ ಅರವತ್ತು ಮಂದಿ ಮಂತ್ರಿಗಳು. ಉಳಿದ ಒಬ್ಬರನ್ನು ಪ್ರಶ್ನೆ ಕೇಳಲೆಂದು ಇಟ್ಟುಕೊಳ್ಳಲಾಗಿತ್ತು. ಯಾರ ಮನಸ್ಸಿಗೂ ನೋವಾಗದಂತೆ ಖಾತೆ ಹಂಚಿದ್ದರಿಂದ ರಸ್ತೆಯ ಎಡಬದಿಗೆ ಒಬ್ಬರು ಮಂತ್ರಿ, ಬಲಬದಿಗೆ ಇನ್ನೊಬ್ಬರು. ನಡುವಿನ ಗುಂಡಿಗಳು ಮುಖ್ಯಮಂತ್ರಿಗಳ ನೇರ ಉಸ್ತುವಾರಿಯಲ್ಲಿದ್ದವು.

ಪ್ರಶ್ನೆ ಕೇಳುವ ಸದಸ್ಯರ ಅಕ್ಕ ಶಾಲೆಯೊಂದರ ಟೀಚರು. ಆ ಶಾಲೆಯ ಛಾವಣಿ ಗಾಳಿಗೆ ಹಾರಿಹೋಗಿ ಎರಡು ತಿಂಗಳಾಗಿತ್ತು.

"ಲೋ, ಮಳೆ ಶುರುವಾಯ್ತು. ನಲವತ್ತು ಮಕ್ಕಳು ನೆಂದು ತೊಪ್ಪೆಯಾಗ್ತಿವೆ. ಸಭೇಲಿ ಸುಮ್ನೆ ಕೂತು ಬರ್ತೀಯಲ್ಲ, ನಾಚಿಕೆ ಆಗಲ್ವೇನೋ?" ಎಂದು ಅಕ್ಕ ತಮ್ಮನನ್ನು ತರಾಟೆಗೆ ತೆಗೆದುಕೊಂಡರು.

ಮರುದಿನವೇ ತಮ್ಮ ಪ್ರಶ್ನೆ ಎತ್ತಿದರು. ಹೆಂಚಿನ ಮಂತ್ರಿಗಳು ಎದ್ದು, ತೊಲೆ ಬಂದ ತಕ್ಷಣ ಹೆಂಚು ಸಿದ್ಧ ಎಂದರು. ತೊಲೆಯ ಮಂತ್ರಿಗಳು ಎದ್ದು, ಮೊಳೆ ಬಂದ ತಕ್ಷಣ ತೊಲೆ ಸಿದ್ಧ ಎಂದರು. ಮೊಳೆಗೆ ಮಂತ್ರಿಯೇ ಇರಲಿಲ್ಲ! ಜವಾಬ್ದಾರಿಯುತ ಸರ್ಕಾರ ಇಂಥ ಲೋಪವನ್ನು ಸಹಿಸೀತೆ? ಸಂಜೆಯೊಳಗೆ ಮೊಳೆ ಖಾತೆ ಹುಟ್ಟಿತು, ಪ್ರಶ್ನೆ ಕೇಳಿದವರೇ ಪ್ರಮಾಣವಚನ ಸ್ವೀಕರಿಸಿದರು.

"ಸುತ್ತಿಗೆನೂ ನನಗೇ ಬರುತ್ತಾ, ಸಾರ್?"

"ಅದಕ್ಕೆ ಕೈ ಹಾಕ್ಬೇಡಿ. ನಮ್ಮ ಅಳಿಯಂದಿರಿಗೆ ಇಟ್ಟಿದೀನಿ," ಎಂದರು ಮುಖ್ಯಮಂತ್ರಿಗಳು.

ಸಭಾ ಕಾರ್ಯದರ್ಶಿಗಳ ಪ್ರಕಟಣೆ ಹೊರಬಿತ್ತು: "ಪ್ರಾಂತ್ಯದಲ್ಲಿ ಪ್ರಶ್ನೆಗಳು ಮುಗಿದಿರುತ್ತವೆ. ಇನ್ನು ಮುಂದೆ ಪ್ರಶ್ನೋತ್ತರ ಅವಧಿಯಲ್ಲಿ ಉತ್ತರಗಳನ್ನು ಮಾತ್ರ ನೀಡಲಾಗುವುದು."

ಹೊಸ ಮಂತ್ರಿಗಳು ಆರು ಕಾರುಗಳಲ್ಲಿ ಶಾಲೆಗೆ ಬಂದರು. ಅಕ್ಕ ಆಕಾಶ ತೋರಿಸಿದರು.

"ಅಕ್ಕಾ, ನನ್ನ ಪಾಲಿನ ಕೆಲಸ ನಾನು ಬಿಡಲ್ಲ," ಎಂದು ಅವರು ಕಲ್ಲೊಂದನ್ನು ಎತ್ತಿಕೊಂಡು ಗೋಡೆಗೆ ಮೊಳೆ ಹೊಡೆದರು. ಛಾವಣಿಯ ಮೂರನೇ ಒಂದು ಭಾಗ ಪೂರ್ಣಗೊಂಡಿದೆಯೆಂದು ಅಲ್ಲೇ ಘೋಷಣೆಯಾಯಿತು. ಬರೀ ಮೊಳೆ ಬೋಳಾಗಿ ಕಾಣುತ್ತದೆಂದು ಅದಕ್ಕೆ ಮುಖ್ಯಮಂತ್ರಿಗಳ ಫೋಟೋ ತೂಗುಹಾಕಿದರು.

ಅಷ್ಟರಲ್ಲಿ ಹನಿ ಬಿತ್ತು. ಜೊತೆಗೆ ಬಂದಿದ್ದ ಅಧಿಕಾರಿಗಳ ಮುಖ ಬಿಳಿಚಿಕೊಂಡಿತು. ಫೋಟೋ ನೆನೆಯದಂತೆ ನೋಡಿಕೊಳ್ಳುವ ಕೆಲಸ ಯಾವ ಖಾತೆಗೂ ಹಂಚಿಹೋಗಿರಲಿಲ್ಲ. ಹಾಗಾಗಿ ಅದು ಕಾಲು ಗಂಟೆಯಲ್ಲಿ ಮುಗಿಯಿತು. ಫೋಟೋದ ಮೇಲೆ ಎರಡು ಮೊಳ ಅಗಲದ ತಗಡಿನ ಮಾಡು ಬಂತು. ಇಬ್ಬರು ಮಕ್ಕಳು ಓಡಿ ಅದರಡಿ ನಿಂತರು.

ಅಕ್ಕ ಆ ಇಬ್ಬರನ್ನೇ ಸ್ವಲ್ಪ ಹೊತ್ತು ನೋಡಿದರು. ಬೈಯಲು ತೆರೆದ ಬಾಯಿ ನಗುವಿಗೆ ತಿರುಗಿತು.

"ತಮ್ಮಾ, ಮುಖ್ಯಮಂತ್ರಿಗಳೊಬ್ಬರೇ ಇದ್ರೆ ಚೆನ್ನಾಗಿರಲ್ಲಪ್ಪ. ಉಳಿದ ಅರವತ್ತು ಜನ ಬೇಜಾರು ಮಾಡ್ಕೊಳ್ಳಲ್ವಾ?"

ಯಾರೂ ಬೇಜಾರು ಮಾಡಿಕೊಳ್ಳುವ ಪ್ರಮೇಯ ಬರಲಿಲ್ಲ. ವಾರದೊಳಗೆ ಅರವತ್ತೂ ಫೋಟೋಗಳು ತಂತಮ್ಮ ತಗಡಿನ ಸಮೇತ ಬಂದವು. ಈಗ ತಗಡಿಗೆ ತಗಡು ಕೂಡಿಕೊಂಡು ಮಕ್ಕಳು ಬೆಚ್ಚಗೆ ಕೂತು ಮಗ್ಗಿ ಹೇಳುತ್ತಾರೆ. ಕಟ್ಟಡ ಸರ್ಕಾರಿ ದಾಖಲೆಯಲ್ಲಿ ಚಿತ್ರಶಾಲೆಯಾಗಿದೆ, ಛಾವಣಿಯ ಕಡತ ಪರಿಶೀಲನೆಯಲ್ಲಿದೆ.