ಗ್ರಹಣದ ದಿನ ಒನಕೆ ಕಾದದ್ದು

ಗ್ರಹಣ ಕಂಡೆ ಎಂದು ಹೇಳುವವರನ್ನು ನಾನು ಸುಲಭವಾಗಿ ನಂಬುವುದಿಲ್ಲ. ಆ ಸಾಲಿನಲ್ಲಿ ಮೊದಲು ನಿಂತಿರುವವನು ನಾನೇ. ಚಿಕ್ಕಂದಿನ ಸೂರ್ಯಗ್ರಹಣವೊಂದು ನನ್ನ ತಲೆಯಲ್ಲಿ ಬಹಳ ಚಂದವಾಗಿ ಕುಳಿತಿದೆ. ಹಗಲಿಗೇ ಕತ್ತಲಾಯಿತು, ಬೇವಿನ ಮರದ ಹಕ್ಕಿಗಳೆಲ್ಲ ಗೂಡಿಗೆ ಮರಳಿದವು, ದನಗಳು ಮನೆಯ ಕಡೆ ಮುಖ ಮಾಡಿದವು, ನಾನು ಅಂಗಳದಲ್ಲಿ ಬೆರಗಾಗಿ ನಿಂತಿದ್ದೆ. ಇದನ್ನು ಒಮ್ಮೆ ಅಣ್ಣನ ಮುಂದೆ ಸವಿಸ್ತಾರವಾಗಿ ಬಣ್ಣಿಸಿದೆ. ಅವನು ಬಾಯಿಯ ಎಲೆಯಡಿಕೆ ಉಗುಳಿ ಬಂದು ಕೇಳಿದ: "ಅವತ್ತು ನಮ್ಮನ್ನೆಲ್ಲ ಕ್ವಾಣ್ಯಾಗ ಕೂಡಿ ಹೊರಗಿಂದ ಚಿಲಕ ಹಾಕಿದ್ರಲ್ಲಲೇ. ನೀ ಹಕ್ಕಿ ಎಲ್ಲಿ ನೋಡಿದಿ?" ಆದರೂ ನನ್ನ ತಲೆಯೊಳಗಿನ ಹಕ್ಕಿಗಳು ಜಾಗ ಖಾಲಿ ಮಾಡಿಲ್ಲ. ನೆನಪು ಎಂಬುದು ಹಳೆಯ ಫೋಟೋ ಸ್ಟುಡಿಯೋ ಇದ್ದ ಹಾಗೆ. ಮುಂದೆ ನಿಂತವರು ಯಾರೇ ಇರಲಿ, ಹಿಂದಿನ ಪರದೆಯ ಮೇಲೆ ಜಲಪಾತ ಧುಮುಕುತ್ತಲೇ ಇರುತ್ತದೆ.

ಇಂಥ ನಾನು ಈಗ ಮಸ್ಕಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಸೂರ್ಯ ಚಂದ್ರರ ಪಾಠ ಬಂದಾಗಲೆಲ್ಲ ನನಗೆ ಪೇಚು. ಅಮಾವಾಸ್ಯೆಗೆ ಇಬ್ಬರೂ ಒಂದೇ ಕಡೆಯಿಂದ ಜಗ್ಗುತ್ತಾರೆ, ಕಡಲು ಉಬ್ಬುತ್ತದೆ ಎಂದರೆ ಮಕ್ಕಳು ಕಿಟಕಿಯಾಚೆ ನೋಡುತ್ತಾರೆ. ಅವರು ಕಡಲನ್ನು ಕಂಡವರಲ್ಲ. ಏರಿ ಇಳಿಯುವ ನೀರೆಂದರೆ ಅವರಿಗೆ ಕಾಲುವೆ. "ಸರ, ಕಾಲುವಿ ನೀರೂ ಚಂದ್ರನೇ ಬಿಡ್ತಾನೇನ್ರಿ?" ಎಂದು ಒಬ್ಬಳು ಕೇಳಿದಳು. ಇಲ್ಲವಮ್ಮ, ಅದಕ್ಕೆ ಬೇರೆ ಚಂದ್ರರಿದ್ದಾರೆ. ಅವರು ನೀರು ಬಿಡುವ ಗೇಟಿನ ಹತ್ತಿರ ಉದಯಿಸುತ್ತಾರೆ, ಮೇಲಿನ ಊರುಗಳ ಗದ್ದೆಗಳನ್ನಷ್ಟೇ ಬೆಳಗುತ್ತಾರೆ, ಕಾಲುವೆಯ ಕೊನೆಯ ಹೊಲದವನಿಗೆ ವರ್ಷವಿಡೀ ಅಮಾವಾಸ್ಯೆ. ಇದು ಪಠ್ಯದಲ್ಲಿಲ್ಲವಾದ್ದರಿಂದ ಹೇಳಲಿಲ್ಲ. ಸೂರ್ಯನ ಮೈಮೇಲಿನ ಕಲೆಗಳ ಪಾಠ ಮಾತ್ರ ನನಗೆ ದಿನಬಳಕೆಗೆ ಬಂದಿದೆ. ಕಲೆಗಳು ಹೆಚ್ಚಾದಾಗ ಅಲ್ಲಿ ಬಿರುಗಾಳಿ ಏಳುತ್ತದೆ, ಇಲ್ಲಿ ಸಂಪರ್ಕ ಕೆಡುವುದುಂಟು ಎಂದು ಓದಿದ ದಿನದಿಂದ, ಹೆಡ್‌ಮಾಸ್ತರರ ಫೋನು ಎತ್ತದಿದ್ದಾಗಲೆಲ್ಲ ತಪ್ಪನ್ನು ಸೂರ್ಯನ ಮೇಲೆ ಹಾಕುತ್ತೇನೆ. ಸೂರ್ಯ ಇವತ್ತಿನವರೆಗೆ ತಕರಾರು ಮಾಡಿಲ್ಲ.

ತಕರಾರು ಎದ್ದದ್ದು ನಮ್ಮ ಮನೆಯಲ್ಲಿ. ನನ್ನ ತಂಗಿ ರೇಣುಕಾ ಲಿಂಗಸುಗೂರಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಗಂಡನಿಗೆ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸ. ತಂಗಿ ಬಸುರಿ ಎಂದು ಅವ್ವ ಮಸ್ಕಿಗೆ ಕರೆಸಿಕೊಂಡಿದ್ದಳು. ರೇಣುಕಾಳ ಬಡ್ತಿಯ ಇಲಾಖಾ ಪರೀಕ್ಷೆ ಸೂರ್ಯಗ್ರಹಣದ ಬೆಳಿಗ್ಗೆಯೇ ಬಂದು ಕೂತಿತು. ಬಸುರಿಯಾದವಳು ಗ್ರಹಣದ ಹೊತ್ತಿನಲ್ಲಿ ಹೊಸ್ತಿಲು ದಾಟಕೂಡದೆಂದು ಅವ್ವ.

"ಬೇ ಯವ್ವ, ಈ ಪರೀಕ್ಷಾ ತಪ್ಪಿದ್ರ ನನ್ನ ಹಿಂದ ನೌಕರಿಗೆ ಬಂದಾವ ನನಗ ಸಾಹೇಬ ಆಗಿ ಕುಂದರತಾನ," ಎಂದಳು ರೇಣುಕಾ.

"ಕುಂದರಲಿ. ಕುರ್ಚಿ ನಿಮ್ಮಪ್ಪಂದೇನು?"

ರೇಣುಕಾ ನನ್ನ ಕಡೆ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡೆ. ಅಲ್ಲಿಂದಲೇ ಎಲ್ಲ ಕೆಟ್ಟಿತು.

ನಮ್ಮ ಮನೆಯಲ್ಲಿ ಗ್ರಹಣಕ್ಕೆ ಸಾಕ್ಷಿ ಹೇಳುವುದು ಒನಕೆ. ಹಿತ್ತಾಳೆಯ ಅಗಲ ತಟ್ಟೆಯಂಥ ಪರಾತದಲ್ಲಿ ನೀರು ಹಾಕಿ ನಡುವೆ ಒನಕೆ ನಿಲ್ಲಿಸುತ್ತಾರೆ. ಗ್ರಹಣ ಹಿಡಿದಿರುವ ತನಕ ಅದು ಯಾರ ಆಸರೆಯೂ ಇಲ್ಲದೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ, ಆಮೇಲೆ ಸ್ನಾನ, ಆಮೇಲೆ ಊಟ. ತಳ ಮಟ್ಟಸವಾಗಿದ್ದರೆ ಒನಕೆ ಯಾವ ದಿನ ಬೇಕಾದರೂ ನಿಲ್ಲುತ್ತದೆ, ಅದಕ್ಕೂ ಸೂರ್ಯನಿಗೂ ಸಂಬಂಧವಿಲ್ಲ ಎಂದು ನಾನು ಹೇಳಿದೆ. ಉತ್ಸಾಹ ತಡೆಯದೆ ಕಡಲು, ಅಮಾವಾಸ್ಯೆ, ಜಗ್ಗಾಟ ಎಲ್ಲವನ್ನೂ ಅವ್ವನಿಗೆ ಪಾಠ ಮಾಡಿದೆ.

"ಅಷ್ಟು ಶ್ಯಾಣ್ಯಾ ಇದ್ದರ ಗ್ರಹಣ ಇಲ್ಲದಾಗ ಇವತ್ತು ನಿಂದರಿಸಿ ತೋರಸು," ಎಂದಳು ಅವ್ವ. "ನಿಂತರ ನಾಳೆ ಅಕಿ ಹೋಗಲಿ. ನಾ ಬಾಯಿ ತೆಗೆಯಂಗಿಲ್ಲ."

ಗ್ರಹಣದ ಹಿಂದಿನ ದಿನ ಸಂಜೆ ಪ್ರಯೋಗ ಶುರುವಾಯಿತು. ಒನಕೆ ಮೊದಲ ಸಲ ಬಲಕ್ಕೆ ಬಿತ್ತು. ಎರಡನೆಯ ಸಲ ನನ್ನ ಹೆಬ್ಬೆರಳ ಮೇಲೆ ಬಿತ್ತು. ನಮ್ಮ ಶಹಾಬಾದ್ ಕಲ್ಲಿನ ನೆಲ ಸಮ ಇಲ್ಲ ಎಂದು ಪರಾತವನ್ನು ಮನೆಯೆಲ್ಲ ಮೆರೆಸಿದೆ. "ರೀ, ಹಂಗೇ ಅಡಗಿಮನ್ಯಾಗ ಬರ್ರಿ, ನೆಲ ಒರೆಸಿದಂಗೂ ಆಗ್ತೈತಿ," ಎಂದಳು ಹೆಂಡತಿ. ಕೊನೆಗೆ ಬಾಗಿಲ ಬಳಿ, ಉಸಿರು ಹಿಡಿದು ಕೈ ಬಿಟ್ಟಾಗ, ಒನಕೆ ನಿಂತಿತು. ನಾನು ಹಿಂದೆ ಸರಿದೆ. ನಿಂತೇ ಇತ್ತು. ರೇಣುಕಾ ಚಪ್ಪಾಳೆ ತಟ್ಟಿದಳು.

ಅವ್ವ ಒನಕೆಯ ಸುತ್ತ ಒಂದು ಸುತ್ತು ಬಂದಳು. ಮುಖ ಗಂಭೀರವಾಯಿತು. "ಅಮಾಸಿ ಹತ್ರ ಬಂದೈತಿ. ಇಬ್ಬರೂ ಒಂದ ಕಡೆಯಿಂದ ಜಗ್ಗತಾರ ಅಂತ ನೀನ ಹೇಳಿದಿ. ಅಷ್ಟು ದೊಡ್ಡ ಕಡಲ ಮ್ಯಾಲ ಏಳತೈತಿ, ಈ ಒನಕಿ ಯಾವ ಲೆಕ್ಕ? ಗ್ರಹಣದ ಜಗ್ಗಾಟ ಈಗಿಂದನ ಶುರು ಆಗೈತಿ." ಆಮೇಲೆ ಮಗಳ ಕಡೆ ತಿರುಗಿ, "ನೀ ಇವತ್ತಿಂದನ ಒಳಗಿರು," ಎಂದಳು.

"ಅಣ್ಣಾ," ಎಂದಳು ರೇಣುಕಾ ತಣ್ಣಗೆ, "ನೀ ಪಾಠ ಮಾಡದಿದ್ರ ನನ್ನ ಅರ್ಧಾ ತ್ರಾಸು ಕಡಿಮಿ ಆಗ್ತಿತ್ತು."

ನನ್ನ ಹತ್ತಾರು ವರ್ಷಗಳ ಬೋಧನೆಯನ್ನು ಪೂರ್ತಿ ಅರ್ಥ ಮಾಡಿಕೊಂಡ ಮೊದಲ ವಿದ್ಯಾರ್ಥಿ ಅವ್ವ, ಮತ್ತು ಅದು ನನ್ನ ವಿರುದ್ಧವೇ.

ಬೆಳಿಗ್ಗೆ ಗ್ರಹಣ ಹಿಡಿಯುವುದಕ್ಕೆ ಇನ್ನೂ ಹೊತ್ತಿತ್ತು. ಒನಕೆ ನಿಂತೇ ಇತ್ತು. ಅವ್ವನ ಲೆಕ್ಕದಲ್ಲಿ ಗ್ರಹಣವೂ ನಡೆದೇ ಇತ್ತು. ರೇಣುಕಾ ಸೀರೆಯುಟ್ಟು ಹೆಗಲಿಗೆ ಚೀಲ ಹಾಕಿಕೊಂಡು ಹೊರಬಂದಳು. ಪರಾತದ ಪಕ್ಕ ಹಾದುಹೋಗುವಾಗ ಅದರ ಅಂಚಿಗೆ ಕಾಲ ಹೆಬ್ಬೆರಳು ತಾಗಿಸಿದಳು. ಒನಕೆ ಧಡ್ಡೆಂದು ಬಿತ್ತು.

"ಬೇ ಯವ್ವ, ಒನಕಿ ಬಿತ್ತು ನೋಡು. ಗ್ರಹಣ ಬಿಟ್ಟಂಗಾತು. ನನಗ ಬಸ್ಸಿಗೆ ಹೊತ್ತಾಗೈತಿ."

ಅವ್ವನದೇ ಕೋರ್ಟು, ಅವಳದೇ ಸಾಕ್ಷಿ. ಅವ್ವ ಬಾಯಿ ತೆರೆಯುವಷ್ಟರಲ್ಲಿ ತಂಗಿ ಓಣಿ ದಾಟಿದ್ದಳು.

ಆಮೇಲೆ ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ನೀರು ಒರೆಸಿದಳು, ಪರಾತ ಮತ್ತೆ ತುಂಬಿಸಿದಳು, ಒನಕೆ ನಿಲ್ಲಿಸಲು ನೋಡಿದಳು. ಆಗಲಿಲ್ಲ. "ತಮ್ಮಾ, ನೀನ ನಿಂದರಿಸು. ಕೂಸು ಹೊರಗ ಹೋಗೈತಿ. ಅಕಿ ಬರೂತನಕ ಇದು ಬೀಳಬಾರದು." ಒನಕೆ ಬಿದ್ದರೆ ಗ್ರಹಣ ಬಿಡುತ್ತದೆ ಎಂಬ ನಿನ್ನೆಯ ಕಾನೂನಿಗೆ ಇದು ಪೂರಾ ವಿರುದ್ಧವಾಗಿತ್ತು. ಅದನ್ನು ತೋರಿಸಿಕೊಡಬೇಕೆಂದವನು ಅವಳ ಮುಖ ನೋಡಿ ಒನಕೆ ಎತ್ತಿ ನಿಲ್ಲಿಸಿದೆ. ಕೈಬಿಟ್ಟರೆ ವಾಲುತ್ತಿತ್ತು. ಹಿಡಿದುಕೊಂಡು ಕುಕ್ಕರಗಾಲಲ್ಲಿ ಕುಳಿತೆ.

ಅಷ್ಟರಲ್ಲಿ ಗ್ರಹಣ ಹಿಡಿಯಿತು. ಶಾಲೆಯ ಮೈದಾನದಲ್ಲಿ ಮಕ್ಕಳೆಲ್ಲ ನಾನೇ ಕೊಟ್ಟ ಗ್ರಹಣದ ಕನ್ನಡಕ ಹಾಕಿಕೊಂಡು ನನಗೇ ಕಾಯುತ್ತಿದ್ದರು. ಪಕ್ಕದ ಬೌದ್ಧರ ಮನೆಯಿಂದ ಮಂಡಕ್ಕಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವರ ಮನೆಯಲ್ಲಿ ಸೂರ್ಯನ ಪಾಡು ಸೂರ್ಯನಿಗೆ. ನನ್ನ ಹೊಟ್ಟೆ ಮಾತ್ರ ಖಾಲಿ. ಹೆಡ್‌ಮಾಸ್ತರರ ಫೋನು ಬಂತು. "ಎಲ್ಲಿದ್ದೀರ್ರಿ?" ಒಂದು ಕೈಯಲ್ಲಿ ಒನಕೆ, ಒಂದು ಕೈಯಲ್ಲಿ ಫೋನು. "ಸರ, ಕೇಳಸವಲ್ದು, ಸೂರ್ಯನ ಮ್ಯಾಲ ಕಲೆ ಭಾಳ ಆಗ್ಯಾವು," ಎಂದು ಕಡಿದುಬಿಟ್ಟೆ.

ಅವ್ವ ದೇವರ ಮುಂದೆ ಕುಳಿತುಕೊಳ್ಳಲು ಒಳಗೆ ಹೋದಳು. ಹೆಂಡತಿ ಹಿತ್ತಲಲ್ಲಿದ್ದಳು. ಯಾರೂ ನೋಡುತ್ತಿರಲಿಲ್ಲ. ಒನಕೆಯನ್ನು ಗೋಡೆಗೆ ಆನಿಸಿ ಶಾಲೆಗೆ ಓಡಬಹುದಿತ್ತು. ಬಸ್ಸು ಈಗ ಲಿಂಗಸುಗೂರಿನ ದಾರಿಯಲ್ಲಿರುತ್ತದೆ, ರೇಣುಕಾ ಕಿಟಕಿಯ ಪಕ್ಕ ಕುಳಿತಿರುತ್ತಾಳೆ ಎಂದುಕೊಂಡೆ. ಆಮೇಲೆ ಒಂದು ಕೈ ಸಾಲದೆಂದು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.

ಗ್ರಹಣ ಬಿಟ್ಟು ಎಷ್ಟೋ ಹೊತ್ತಾದ ಮೇಲೆ ರೇಣುಕಾ ಬಂದಳು. "ಪರೀಕ್ಷಾ ಚಲೋ ಆತು. ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ತಿಂದು ಬಂದೆ," ಎಂದು ತೇಗಿದಳು. ನನ್ನನ್ನೂ ಒನಕೆಯನ್ನೂ ನೋಡಿ, ಅದನ್ನು ಕಿತ್ತುಕೊಂಡು ಮೂಲೆಗಿಟ್ಟಳು. "ಸಾಕು ಬಿಡಣ್ಣ. ಅದರ ಕಾಲಾರ ನೋಯಾಂಗಿಲ್ಲೇನು?" ಅವ್ವ ಮಗಳ ಬೆನ್ನ ಮೇಲೊಂದು ಗುದ್ದಿ, ಆಮೇಲೆ ಅದೇ ಬೆನ್ನನ್ನು ಸವರಿದಳು.

ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು: "ನಾ ಹಿತ್ತಲದಿಂದ ಒಳಗ ಬಂದಾಗ ನೋಡಿದೆ, ನೀವು ಹಂಗ ಕುಂತಾಗ ಬೆಳಕಿಂಡಿಯಿಂದ ನಿಮ್ಮ ಅಂಗಿ ಬೆನ್ನಿನ ಮ್ಯಾಲ ಬಿಸಿಲು ಬಿದ್ದಿತ್ರಿ. ದುಂಡಗ ಇರಲಿಲ್ಲ, ಕುಡಗೋಲಿನಂಗ ಇತ್ತು. ಏನದು?"

ಅದು ಗ್ರಹಣ, ಸಣ್ಣ ಕಿಂಡಿಯಲ್ಲಿ ಹಾದು ಬಂದ ಅರೆಮುಚ್ಚಿದ ಸೂರ್ಯನ ಬಿಂಬ. ವಿಜ್ಞಾನದ ಮಾಸ್ತರನ ಬೆನ್ನ ಮೇಲೆ ಸೂರ್ಯ ತಾನೇ ಚಿತ್ರ ಬರೆದು ತೋರಿಸಿದ್ದ. ಮಾಸ್ತರ ಒನಕೆ ನೋಡುತ್ತಿದ್ದ.

ಈಗಲೂ ಆ ಪಾಠ ಬಂದಾಗ ತರಗತಿಯಲ್ಲಿ ಆ ದಿನವನ್ನು ಬಣ್ಣಿಸುತ್ತೇನೆ. ಬಿಸಿಲು ಕಂದಿತು, ಗಾಳಿ ತಣ್ಣಗಾಯಿತು, ಹಕ್ಕಿಗಳೆಲ್ಲ ಗೂಡಿಗೆ ಮರಳಿದವು, ನಾನು ಕಣ್ಣಾರೆ ಕಂಡೆ. ಮೊನ್ನೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು: "ಸರ, ಅವತ್ತು ನಾವೆಲ್ಲ ಗ್ರೌಂಡಿನ್ಯಾಗ ಇದ್ವಿ. ಹಕ್ಕಿ ಎಲ್ಲೂ ಹೋಗಲಿಲ್ರಿ. ನೀವೇ ಬಂದಿರಲಿಲ್ಲ."